ಕಾಫಿ ಎಲೆ ಜೋಡಿಯಾಗಿಯೇ ಬರುವುದು

ಮಳೆಗಾಲದಲ್ಲಿ ಕೊಡಗಿನಲ್ಲಿ ಕಸೂತಿ ಕ್ಲಾಸ್ ಇಟ್ಟುಕೊಳ್ಳುವುದು ಬುದ್ಧಿ ಇರುವವರ ಕೆಲಸ ಅಲ್ಲ. ಬಟ್ಟೆ ಮುಟ್ಟಿದರೆ ತಣ್ಣಗೆ, ಒದ್ದೆಯೋ ಒಣಗಿದ್ದೋ ಗೊತ್ತಾಗುವುದಿಲ್ಲ. ಸೂಜಿಯನ್ನು ನಾಲ್ಕು ದಿನ ಹೊರಗೆ ಬಿಟ್ಟರೆ ತುಕ್ಕು. ಮರದ ಫ್ರೇಮಿಗೆ ಬೂಷ್ಟು. ಮಧ್ಯಾಹ್ನ ಮೂರಕ್ಕೇ ಲೈಟ್ ಹಾಕಬೇಕು, ಹಾಕೋಣ ಅಂದರೆ ಕರೆಂಟ್ ಇರುವುದಿಲ್ಲ. ಇಷ್ಟೆಲ್ಲ ಗೊತ್ತಿದ್ದೂ ಆಗಸ್ಟ್ ಮಧ್ಯದಿಂದ ನಾಲ್ಕು ಶನಿವಾರ, ಹನ್ನೊಂದು ಜನರನ್ನು ಒಂದು ಸಸ್ಯೋದ್ಯಾನದಲ್ಲಿ ಕೂರಿಸಿಕೊಂಡು ಗಿಡ ನೋಡಿ ಹೊಲಿಯುವುದನ್ನು ಕಲಿಸಿದೆ. ಮೊದಲ ದಿನವೇ ನನ್ನ ಮರ್ಯಾದೆ ಹೋದ ಕಥೆಯೂ ಇದರಲ್ಲಿದೆ.

ನಾನು ಸೋಮವಾರಪೇಟೆ ಕಡೆಯವಳು. ಮಡಿಕೇರಿಯಲ್ಲಿ ಒಂದು ಚಿಕ್ಕ ಟೈಲರಿಂಗ್ ಅಂಗಡಿ ಇದೆ, ಹದಿನಾರು ವರ್ಷ ಆಯಿತು. ಬ್ಲೌಸು, ಚೂಡಿದಾರ, ಸೀರೆಗೆ ಫಾಲ್ಸು, ಕುಚ್ಚು, ಇವುಗಳಿಂದ ಮನೆ ನಡೆಯುತ್ತದೆ. ಕೈ ಕಸೂತಿ ಏನಿದ್ದರೂ ಮದುವೆ ಸೀಸನ್ ಇಲ್ಲದಾಗ. ಹೋಂಸ್ಟೇಗಳು ಜಾಸ್ತಿ ಆದ ಮೇಲೆ ಅದಕ್ಕೂ ಗಿರಾಕಿಗಳು ಬಂದರು. ಅವರಿಗೆ ಬೇಕಾಗಿದ್ದು ಒಂದೇ, ಕುಶನ್ ಕವರಿನ ಮೇಲೆ ಕಾಫಿ ಕೊಂಬೆ. ಹಸಿರು ಎಲೆ, ಕೆಂಪು ಹಣ್ಣು. ಎಷ್ಟು ಹೊಲಿದಿದ್ದೇನೆ ಅಂದರೆ ಕಣ್ಣು ಮುಚ್ಚಿಕೊಂಡೂ ಹೊಲಿಯಬಲ್ಲೆ ಅಂತ ಹೇಳಿಕೊಳ್ಳುತ್ತಿದ್ದೆ. ಕಣ್ಣು ಮುಚ್ಚಿಕೊಂಡೇ ಹೊಲಿದಿದ್ದೆ, ಅದು ಬೇರೆ ಮಾತು.

ಜುಲೈಯಲ್ಲಿ ಒಂದು ಫೋನ್ ಬಂತು. ಮಡಿಕೇರಿಯಿಂದ ಬಸ್ಸಲ್ಲಿ ಮುಕ್ಕಾಲು ಗಂಟೆ ದೂರದ ಸಸ್ಯೋದ್ಯಾನ ಅದು. ದೊಡ್ಡದೇನಲ್ಲ. ಜರಿ ಗಿಡ, ಆರ್ಕಿಡ್‌ಗಳಿಗೆ ಹಸಿರು ಬಲೆ ಕಟ್ಟಿದ ಒಂದು ನೆರಳು ಮನೆ, ಔಷಧಿ ಗಿಡಗಳ ಪಾತಿ, ಕಾಫಿ, ಮೆಣಸು, ಏಲಕ್ಕಿ ಹಾಕಿದ ಒಂದು ತುಂಡು ತೋಟ, ಒಣಗಿಸಿದ ಗಿಡಗಳನ್ನು ಇಡುವ ಒಂದು ರೂಮು. ಅಲ್ಲಿಯ ಮೇಡಂ ಯಾವುದೋ ಹೋಂಸ್ಟೇಯಲ್ಲಿ ನನ್ನ ಕುಶನ್ ನೋಡಿದ್ದರಂತೆ. "ಮಕ್ಕಳಿಗೆ ಚಿತ್ರ ಬಿಡಿಸೋ ಸ್ಪರ್ಧೆ ಇಡ್ತೀವಿ. ದೊಡ್ಡವರಿಗೆ ಏನೂ ಇಲ್ಲ. ನೀವು ಬಂದು ಗಿಡ ನೋಡ್ಕೊಂಡು ಹೊಲಿಯೋದು ಕಲಿಸ್ತೀರಾ? ನಿಮ್ಮ ಕೆಲಸ ಚೆನ್ನಾಗಿದೆ" ಅಂದರು. ಚೆನ್ನಾಗಿದೆ ಅಂದವರು ಇನ್ನೊಂದು ಮಾತನ್ನು ನುಂಗಿಕೊಂಡಿದ್ದರು ಅಂತ ಆಮೇಲೆ ಗೊತ್ತಾಯಿತು.

ಮಾತಾಡಲು ಹೋದ ದಿನ ಮೇಡಂ ಒಂದೇ ಷರತ್ತು ಹಾಕಿದರು. "ಒಂದು ಎಲೆನೂ ಕೀಳೋ ಹಾಗಿಲ್ಲ. ಕೆಳಗೆ ಬಿದ್ದಿದ್ದು ತಗೊಳ್ಳಿ, ಅಷ್ಟೇ." ನನಗೆ ಗಾಬರಿ ಆಯಿತು. ಒಬ್ಬೊಬ್ಬರ ಮುಂದೆ ಒಂದು ಲೋಟ ನೀರಲ್ಲಿ ಒಂದು ಕೊಂಬೆ ಇಟ್ಟು, ನಾನು ಬೋರ್ಡಿನ ಹತ್ತಿರ ನಿಂತು ಪಾಠ ಮಾಡುವುದು ಅಂತ ಲೆಕ್ಕ ಹಾಕಿದ್ದೆ. ಈಗ ಹನ್ನೊಂದು ಜನ ಹನ್ನೊಂದು ಗಿಡದ ಬುಡದಲ್ಲಿ ಕೂರಬೇಕು, ನಾನು ಕೊಡೆ ಹಿಡಿದು ಒಬ್ಬೊಬ್ಬರ ಹತ್ತಿರ ಓಡಬೇಕು. ಹಾಗೇ ಆಯಿತು. ಪ್ಲಾಸ್ಟಿಕ್ ಸ್ಟೂಲ್ ಹಿಡಿದುಕೊಂಡು ಗಿಡದಿಂದ ಗಿಡಕ್ಕೆ.

ಸಾಮಾನು ಹೊಂದಿಸಿದ ವಿಷಯ ಬೇಗ ಹೇಳಿ ಮುಗಿಸುತ್ತೇನೆ. ಬಿಳಿ ಕೇಸ್‌ಮೆಂಟ್ ಬಟ್ಟೆ, ಮೊದಲೇ ಒಂದು ಸಲ ನೀರಿಗೆ ಹಾಕಿ ಒಣಗಿಸಿ ಇಸ್ತ್ರಿ ಮಾಡಿದ್ದು. ಇಲ್ಲದಿದ್ದರೆ ಹೊಲಿದ ಮೇಲೆ ತೊಳೆದಾಗ ಬಟ್ಟೆ ಕುಗ್ಗಿ ಎಲೆ ಸುಕ್ಕಾಗುತ್ತದೆ. ಆರು ಇಂಚಿನ ಫ್ರೇಮು. ಆನ್‌ಲೈನಿನಲ್ಲಿ ತರಿಸಿದ್ದು, ಬಟ್ಟೆ ನಿಲ್ಲುತ್ತಲೇ ಇರಲಿಲ್ಲ, ಜಾರುತ್ತಿತ್ತು. ಹಳೇ ಪಂಚೆಯನ್ನು ಬೆರಳಗಲ ಹರಿದು ಒಳಗಿನ ಬಳೆಗೆ ಸುತ್ತಿ ಹೊಲಿದೆ. ಆಮೇಲೆ ಬಟ್ಟೆ ತಮಟೆ ಹಾಗೆ ಬಿಗಿಯಾಗಿ ಕೂತಿತು. ಹನ್ನೊಂದು ಫ್ರೇಮಿಗೆ ಸುತ್ತಿ ಮುಗಿಸುವಾಗ ರಾತ್ರಿ ಹನ್ನೆರಡು. ದಾರದ ಒಂದು ಲಡಿ ಎಂಟು ಮೀಟರ್ ಇರುತ್ತದೆ, ಅದರೊಳಗೆ ಆರು ಎಳೆ. ದಂಟಿಗೆ ಮೂರು ಎಳೆ, ಎಲೆಗೆ ಎರಡು, ನರಕ್ಕೆ ಒಂದು. ಇನ್ನು ಉದ್ದ ಎಷ್ಟು ಕತ್ತರಿಸಬೇಕು? ಹೂ ಅಳೆಯುವ ಹಾಗೆ ಒಂದು ಮೊಳ. ಅದಕ್ಕಿಂತ ಉದ್ದ ತಗೊಂಡರೆ ಬಟ್ಟೆಯೊಳಗೆ ಹೋಗಿ ಬಂದು ದಾರ ನಾರು ನಾರಾಗುತ್ತದೆ, ಗಂಟೂ ಬೀಳುತ್ತದೆ. ಈ ಮೊಳದ ಲೆಕ್ಕ ಮಾತ್ರ ಯಾರಿಗೂ ಎರಡನೇ ಸಲ ಹೇಳಬೇಕಾಗಲಿಲ್ಲ.

ಬಂದವರಲ್ಲಿ ಒಬ್ಬರು ರಿಟೈರ್ ಆದ ಟೀಚರ್. ಪೊನ್ನಂಪೇಟೆಯ ಅರಣ್ಯ ಕಾಲೇಜಿನಲ್ಲಿ ಓದುವ ಇಬ್ಬರು ಹುಡುಗಿಯರು. ಕಾಫಿ ತೋಟದಲ್ಲಿ ಕೆಲಸ ಮಾಡುವ ಒಬ್ಬ ಅಕ್ಕ, ಅವರ ಮಗಳು. ಹೋಂಸ್ಟೇ ನಡೆಸುವ ಇನ್ನೊಬ್ಬ ಅಕ್ಕ, ನನ್ನ ಹಳೇ ಗಿರಾಕಿ. ಆಮೇಲೆ ಒಬ್ಬ ರಿಟೈರ್ಡ್ ಸುಬೇದಾರ್. ಹೆಂಡತಿಯನ್ನು ಬಿಟ್ಟು ಹೋಗಲು ಬಂದಿದ್ದರು. ಮಳೆ ಜೋರಾಯಿತು, ಜೀಪಲ್ಲಿ ಕೂತು ಬೇಜಾರಾಗಿ ಒಳಗೆ ಬಂದರು, "ನನಗೂ ಒಂದು ಸೂಜಿ ಕೊಡಿ" ಅಂದರು. ಫೌಜಿನಲ್ಲಿ ಗುಂಡಿ, ಬಿಲ್ಲೆ ಎಲ್ಲ ತಾವೇ ಹೊಲಿದುಕೊಳ್ಳುತ್ತಿದ್ದರಂತೆ. ಅವರ ರನ್ನಿಂಗ್ ಸ್ಟಿಚ್ ನೋಡಿ ನಾನೇ ದಂಗಾದೆ. ಸ್ಕೇಲ್ ಇಟ್ಟು ಅಳೆದ ಹಾಗಿತ್ತು.

ಮೊದಲ ದಿನದ ಎಡವಟ್ಟು. ನೇರಳೆ ಬಣ್ಣದ ಒಂದು ಮಾರ್ಕರ್ ಬರುತ್ತದೆ, ಬಟ್ಟೆ ಮೇಲೆ ಬರೆದರೆ ಒಂದೆರಡು ದಿನದಲ್ಲಿ ತಾನೇ ಮಾಯ ಆಗುತ್ತದೆ, ತೊಳೆಯುವ ಕೆಲಸ ಇಲ್ಲ. ಅದನ್ನೇ ಎಲ್ಲರಿಗೂ ಕೊಟ್ಟಿದ್ದೆ. ಹತ್ತೂವರೆಗೆಲ್ಲ ಎಲ್ಲರೂ ತಮ್ಮ ತಮ್ಮ ಎಲೆ ಬರೆದುಕೊಂಡರು. ಟೀ, ಬಿಸ್ಕತ್ತು ಮುಗಿಸಿ ಬಂದು ನೋಡುತ್ತೇವೆ, ಬಟ್ಟೆ ಬೆಳ್ಳಗೆ. ಎಂಟು ಜನರದ್ದು ಪೂರ್ತಿ ಹೋಗಿದೆ, ಉಳಿದವರದ್ದು ಅರ್ಧ. ಆ ಶಾಯಿ ಗಾಳಿಯ ತೇವ ಕುಡಿದೇ ಮಾಯ ಆಗುವುದು, ನಮ್ಮ ಆಗಸ್ಟ್ ಗಾಳಿಯಲ್ಲಿ ಅದಕ್ಕೆ ಎರಡು ದಿನ ಯಾಕೆ ಬೇಕು? ಟೀಚರ್ ನಕ್ಕು ನಕ್ಕು ಸಾಕಾದರು. ಕೊನೆಗೆ ಅವರ ಬ್ಯಾಗಿನಲ್ಲಿದ್ದ ಪೆನ್ಸಿಲ್ಲೇ ಗತಿ. ತೆಳ್ಳಗೆ ಬರೆದು, ಗೆರೆ ಮುಚ್ಚುವ ಹಾಗೆ ಹೊಲಿದರೆ ಆಯಿತು. ಬೇರೆ ಊರಿನವರು ಏನು ಬೇಕಾದರೂ ಬಳಸಲಿ, ಕೊಡಗಿನ ಮಳೆಗಾಲಕ್ಕೆ ಪೆನ್ಸಿಲ್ಲೇ.

ಪೆನ್ಸಿಲ್ ಬಂದಿದ್ದರಿಂದ ಒಂದು ಲಾಭವೂ ಆಯಿತು. ಬಿದ್ದ ಎಲೆಯ ಮೇಲೆ ಕಾಗದ ಇಟ್ಟು ಪೆನ್ಸಿಲ್ ಅಡ್ಡ ಹಿಡಿದು ಉಜ್ಜುವುದು ಗೊತ್ತಲ್ವಾ, ಚಿಕ್ಕವರಿದ್ದಾಗ ನಾಣ್ಯದ ಮೇಲೆ ಮಾಡುತ್ತಿದ್ದೆವಲ್ಲ, ಹಾಗೆ. ಎಲೆಯ ಒಂದೊಂದು ನರವೂ ಕಾಗದದಲ್ಲಿ ಬರುತ್ತದೆ. ಎಲೆ ಬೋರಲು ಹಾಕಬೇಕು, ಹಿಂಬದಿಯಲ್ಲೇ ನರ ಉಬ್ಬಿರುವುದು. ಎಲ್ಲರೂ ಉಜ್ಜುತ್ತಾ ಕೂತರು. ಅಷ್ಟು ಹೊತ್ತಿಗೆ ಮಾದರಿಗೆ ಅಂತ ನಾನು ತಂದಿದ್ದ ಕುಶನ್ ಕವರನ್ನು ಕಾಫಿ ಗಿಡದ ಪಕ್ಕ ಒಂದು ಕೋಲಿಗೆ ನೇತು ಹಾಕಿದೆ. ಅಲ್ಲೇ ಪಾತಿ ಬಿಡಿಸುತ್ತಿದ್ದ ತೋಟದ ಅಣ್ಣ, ಅರವತ್ತರ ಹತ್ತಿರದ ವಯಸ್ಸು, ಕತ್ತಿ ಕೆಳಗಿಟ್ಟು ಬಂದು ಕುಶನ್ ನೋಡಿದರು. ಗಿಡ ನೋಡಿದರು. ಮತ್ತೆ ಕುಶನ್ ನೋಡಿದರು.

"ಅಕ್ಕಾ, ಇದು ಯಾವ ಗಿಡ?"

"ಕಾಫಿ, ಅಣ್ಣಾ."

"ಕಾಫಿ ಎಲೆ ಹೀಗೆ ಬರೋದಿಲ್ಲ ಅಲ್ವಾ?"

ನಾನು ಕುಶನ್ ನೋಡಿದೆ. ದಂಟಿನ ಎಡಕ್ಕೊಂದು ಎಲೆ, ಸ್ವಲ್ಪ ಮೇಲೆ ಬಲಕ್ಕೊಂದು, ಮತ್ತೆ ಎಡಕ್ಕೆ. ಬಳ್ಳಿ ಡಿಸೈನ್ ಹಾಗೆ. ಗಿಡ ನೋಡಿದೆ. ಒಂದು ಗೆಣ್ಣಲ್ಲಿ ಎರಡೆಲೆ, ಎದುರು ಬದುರು. ಮೇಲಿನ ಗೆಣ್ಣಲ್ಲಿ ಮತ್ತೆ ಎರಡು. ಕಾಯಿ ಗೊಂಚಲು ಎಲೆಗಳ ಬುಡದಲ್ಲೇ, ಗೆಣ್ಣಿಗೆ ಅಂಟಿಕೊಂಡು ಕೂತಿದೆ. ನಾನು ಹೊಲಿದ ಹಣ್ಣು ದ್ರಾಕ್ಷಿ ಹಾಗೆ ಉದ್ದ ತೊಟ್ಟಿನಲ್ಲಿ ತೂಗುತ್ತಿದೆ.

ಹುಟ್ಟಿದಾಗಿನಿಂದ ಕಾಫಿ ತೋಟದ ನಡುವೆ ಇದ್ದವಳು ನಾನು. ನಮ್ಮಪ್ಪ ತೋಟದ ಲೆಕ್ಕ ಬರೆಯುವ ರೈಟರ್ ಆಗಿದ್ದರು, ಕಾಫಿ ಹಣ್ಣು ಕುಯ್ಯುವ ಕಾಲಕ್ಕೆ ರಜದಲ್ಲಿ ನಾನೂ ಕುಯ್ದಿದ್ದೇನೆ. ಆದರೆ ಕಸೂತಿಗೆ ಕೂತಾಗ ನೋಡಿದ್ದು ಒಂದು ಹಳೇ ಡಿಸೈನ್ ಪುಸ್ತಕವನ್ನು. ಅದರಲ್ಲಿ ಎಲ್ಲ ಗಿಡಕ್ಕೂ ಒಂದೇ ಬಳ್ಳಿ. ಹಣ್ಣು ಕೆಂಪು ಮಾಡಿದರೆ ಕಾಫಿ, ಹೂ ಹಳದಿ ಮಾಡಿದರೆ ಇನ್ನೊಂದು. ಹತ್ತು ವರ್ಷದಲ್ಲಿ ಒಬ್ಬ ಗಿರಾಕಿಯೂ ಕೇಳಲಿಲ್ಲ. ಅವರೆಲ್ಲ ಕಾಫಿ ಬೆಳೆಗಾರರು ಬೇರೆ!

ಅರಣ್ಯ ಕಾಲೇಜಿನ ಹುಡುಗಿಯರಲ್ಲಿ ಒಬ್ಬಳು ಮೆಲ್ಲಗೆ ಹತ್ತಿರ ಬಂದು, "ಆಂಟಿ, ಇನ್ನೊಂದಿದೆ, ಹೇಳ್ಲಾ?" ಅಂದಳು. ಹೇಳಮ್ಮ ಅಂದೆ, ಹೋಗಿದ್ದು ಹೋಯಿತಲ್ಲ. ಜೋಡಿ ಎಲೆಗಳ ನಡುವೆ ದಂಟಿಗೆ ಅಂಟಿಕೊಂಡ ಚಿಕ್ಕದೊಂದು ತ್ರಿಕೋನದ ಪೊರೆ ತೋರಿಸಿದಳು. ಕಾಫಿಯ ಮನೆತನಕ್ಕೇ ಅದು ಗುರುತಂತೆ. ಕೇಪಳ ಹೂವಿನ ಗಿಡವೂ ಅದೇ ಮನೆತನ, ಅದರಲ್ಲೂ ಎಲೆ ಜೋಡಿ, ಅದರಲ್ಲೂ ಈ ಪೊರೆ. ಕೇಪಳ ನಮ್ಮನೆ ಅಂಗಳದಲ್ಲೇ ಇದೆ. ಸಂಜೆ ಮನೆಗೆ ಹೋಗಿ ಚಪ್ಪಲಿ ಬಿಡುವ ಮೊದಲೇ ನೋಡಿದೆ. ಇತ್ತು.

ಅವತ್ತಿನಿಂದ ಕ್ಲಾಸಿನ ದಾರಿ ಬದಲಾಯಿತು. ನಾನು ತಯಾರಿ ಮಾಡಿದ್ದು ಸ್ಟಿಚ್ ಪ್ರಕಾರ. ಮೊದಲ ವಾರ ಗೆರೆ ಹೊಲಿಯುವ ಸ್ಟೆಮ್, ಎರಡನೇ ವಾರ ಒತ್ತೊತ್ತಾಗಿ ಜಾಗ ತುಂಬುವ ಸ್ಯಾಟಿನ್, ಹೀಗೆ. ಅದನ್ನು ಬಿಟ್ಟೆ. ಗಿಡದ ಮುಂದೆ ಕೂತು, ನರ ಯಾವ ಕಡೆ ಓಡುತ್ತದೆ ನೋಡಿ, ಆಮೇಲೆ ಸ್ಟಿಚ್ ಹುಡುಕುವುದು ಅಂತ ಮಾಡಿದೆವು. ಇದರಲ್ಲಿ ನನಗೂ ಹೊಸದಾಗಿ ತಿಳಿದಿದ್ದು ಬಹಳ.

ಕಾಫಿ ಎಲೆ ಫಿಶ್‌ಬೋನ್ ಸ್ಟಿಚ್‌ಗೆ ಹೇಳಿ ಮಾಡಿಸಿದ್ದು. ತುದಿಯಿಂದ ನಡು ನರದ ಮೇಲೆ ಒಂದು ನೇರ ಹೊಲಿಗೆ, ಆಮೇಲೆ ಎಡ ಅಂಚಿಂದ ಒಂದು, ಬಲ ಅಂಚಿಂದ ಒಂದು, ಎರಡೂ ನಡುವಿನಲ್ಲಿ ಒಂದರ ಮೇಲೊಂದು ಹಾಯಬೇಕು. ಓರೆ ಬಿಡಬಾರದು. ಅರ್ಧ ಎಲೆ ಆಗುವ ಹೊತ್ತಿಗೆ ಎಲ್ಲರ ಹೊಲಿಗೆಯೂ ಮಲಗುತ್ತಾ ಬರುತ್ತದೆ, ಕೊನೆಗೆ ಅಡ್ಡ ಗೆರೆ ಆಗುತ್ತದೆ. ಅದಕ್ಕೆ ಮೊದಲೇ ಪೆನ್ಸಿಲ್ಲಿಂದ ಆರೇಳು ಓರೆ ಗೆರೆ ಹಾಕಿಕೊಳ್ಳಿ ಅಂತ ಹೇಳಿದೆ. ಕಾಫಿ ಎಲೆಯ ಅಂಚು ಅಲೆ ಅಲೆ ಇರುತ್ತದೆ, ಆದ್ದರಿಂದ ಹೊಲಿಗೆ ಒಂದು ಉದ್ದ ಒಂದು ಗಿಡ್ಡ ಆದರೂ ಚಿಂತೆ ಇಲ್ಲ, ಚೆನ್ನಾಗಿಯೇ ಕಾಣುತ್ತದೆ. ಆಗಸ್ಟ್‌ನಲ್ಲಿ ಹೂವೂ ಇಲ್ಲ, ಹಣ್ಣೂ ಇಲ್ಲ, ಬರೀ ಹಸಿರು ಕಾಯಿ. ಹೋಂಸ್ಟೇ ಅಕ್ಕನಿಗೆ ಕೆಂಪೇ ಬೇಕಿತ್ತು. ಕಣ್ಣ ಮುಂದೆ ಇರುವುದನ್ನೇ ಹೊಲಿಯಿರಿ ಅಂದೆ. ಕಾಯಿಗೆ ಒಳಗೆ ಒಂದು ಪದರ ಅಡ್ಡ, ಮೇಲೊಂದು ಪದರ ಉದ್ದ ಸ್ಯಾಟಿನ್, ಆಗ ಉಬ್ಬುತ್ತದೆ. ತುದಿಯಲ್ಲಿ ಹೊಕ್ಕುಳ ಹಾಗೆ ಒಂದು ಚಿಕ್ಕ ಬಿಲ್ಲೆ ಇರುತ್ತದಲ್ಲ, ಅದಕ್ಕೆ ಒಂದೆಳೆಯಲ್ಲಿ ಒಂದು ಫ್ರೆಂಚ್ ನಾಟ್. ಆ ಒಂದು ಗಂಟು ಬಿದ್ದ ಕೂಡಲೇ ಹಸಿರು ಉಂಡೆ ಹೋಗಿ ಕಾಫಿ ಕಾಯಿ ಆಗುತ್ತದೆ. ತೋಟದ ಕೆಲಸದ ಅಕ್ಕ ಅದನ್ನು ನೋಡಿ, "ಈಗ ಕುಯ್ಯಬಹುದು" ಅಂದರು.

ಮೆಣಸಿನ ಎಲೆಗೆ ಫಿಶ್‌ಬೋನ್ ಹಾಕಿದರೆ ಮೆಣಸು ಅನ್ನಿಸುವುದೇ ಇಲ್ಲ. ಟೀಚರ್ ಎರಡು ಸಲ ಹೊಲಿದು ಎರಡು ಸಲ ಬಿಚ್ಚಿದರು. ಉಜ್ಜಿದ ಕಾಗದ ತಗೊಂಡು ನೋಡಿದರೆ ಕಾರಣ ಅಲ್ಲೇ ಇತ್ತು. ಮೆಣಸಿನ ಎಲೆಯಲ್ಲಿ ಐದೋ ಏಳೋ ನರ ಬುಡದ ಹತ್ತಿರದಿಂದಲೇ ಹೊರಟು, ಬಿಲ್ಲಿನ ಹಾಗೆ ಬಾಗಿ ತುದಿಗೆ ಹೋಗುತ್ತವೆ. ಆದ್ದರಿಂದ ಹೊಲಿಗೆಯೂ ಬುಡದಿಂದ ತುದಿಗೆ ಬಾಗಿ ಹೋಗಬೇಕು, ಒಂದು ಉದ್ದ ಒಂದು ಗಿಡ್ಡ ಹಾಕಿ ತುಂಬುವ ಲಾಂಗ್ ಅಂಡ್ ಶಾರ್ಟ್‌ನಲ್ಲಿ. ಕಷ್ಟ. ನಿಧಾನ. ಆದರೆ ಮುಗಿದಾಗ ಆ ಹೊಳಪು ಇದೆಯಲ್ಲ, ಫ್ರೇಮ್ ತಿರುಗಿಸಿದ ಹಾಗೆಲ್ಲ ಬೆಳಕು ಎಲೆ ಮೇಲೆ ಜಾರುತ್ತದೆ. ಮೆಣಸಿನ ಬಳ್ಳಿಯಲ್ಲಿ ಎಲೆ ಒಂದೊಂದೇ, ಅದರ ಎದುರಿಗೆ ಕಾಳಿನ ದಂಟು. ಆಗ ಕಾಳು ಇನ್ನೂ ಸೂಜಿ ತಲೆಯಷ್ಟಿತ್ತು. ನನ್ನ ಡಿಸೈನ್ ಪುಸ್ತಕದ ಬಳ್ಳಿ ಕೊನೆಗೂ ಒಂದು ಗಿಡಕ್ಕೆ ಅರ್ಧ ಹೊಂದಿತು ಅನ್ನಿ.

ಫ್ರೆಂಚ್ ನಾಟ್ ಬಗ್ಗೆ ಒಂದು ಮಾತು, ಹನ್ನೊಂದರಲ್ಲಿ ಒಂಬತ್ತು ಜನ ಇದರಲ್ಲೇ ಅತ್ತಿದ್ದು. ಸೂಜಿಗೆ ಎರಡು ಸುತ್ತು ಸಾಕು, ನಾಲ್ಕು ಸುತ್ತಿದರೆ ಗಂಟು ದಪ್ಪ ಆಗುವ ಬದಲು ಬಾಗಿ ಬೀಳುತ್ತದೆ. ಬಂದ ತೂತಿಗೇ ಸೂಜಿ ವಾಪಸ್ ಹಾಕಬೇಡಿ, ಗಂಟು ಪೂರ್ತಿ ಹಿಂದೆ ಹೋಗುತ್ತದೆ. ಬಟ್ಟೆಯ ಒಂದೇ ಒಂದು ನೂಲು ದಾಟಿ ಚುಚ್ಚಿ. ಸೂಜಿ ಕೆಳಗೆ ಎಳೆಯುವಾಗ ಎಡಗೈ ದಾರವನ್ನು ಬಿಗಿ ಹಿಡಿದಿರಬೇಕು, ಕೊನೇ ಕ್ಷಣದವರೆಗೂ. ಇಷ್ಟೇ. ಆದರೆ ಕೈಗೆ ಬರಲು ಐವತ್ತು ಗಂಟು ಹಾಕಬೇಕು.

ಜಿಗಣೆ ವಿಷಯ ಹೇಳದಿದ್ದರೆ ಕೊಡಗಿನ ಕಥೆ ಪೂರ್ತಿ ಆಗುವುದಿಲ್ಲ. ಉಪ್ಪು, ಹೊಗೆಸೊಪ್ಪಿನ ನೀರು ಎಲ್ಲ ಹಚ್ಚಿಕೊಂಡೇ ಕೂತಿದ್ದೆವು. ಆದರೂ ಎರಡನೇ ವಾರ ಕಾಲೇಜು ಹುಡುಗಿಯ ಮಣಿಕಟ್ಟಿಗೆ ಒಂದು ಹತ್ತಿತ್ತು, ಅವಳಿಗೆ ಗೊತ್ತೇ ಆಗಿಲ್ಲ. ಅದು ಬಿದ್ದ ಮೇಲೆ ರಕ್ತ ನಿಲ್ಲುವುದಿಲ್ಲವಲ್ಲ, ಹೆಪ್ಪುಗಟ್ಟದ ಹಾಗೆ ಏನೋ ಬಿಟ್ಟು ಹೋಗಿರುತ್ತದೆ, ಬಿಳಿ ಬಟ್ಟೆ ಮೇಲೆ ಟಪ್ ಅಂತ ಬಿತ್ತು. ಅರ್ಧ ಮುಗಿದಿದ್ದ ಜರಿ ಎಲೆಯ ಪಕ್ಕದಲ್ಲೇ. ಅವಳು ಬಿಸಿ ನೀರು ಕೇಳಿದಳು. ಬಿಸಿ ನೀರು ಬೇಡವೇ ಬೇಡ, ಕಲೆ ಕೂತುಬಿಡುತ್ತದೆ. ನಮ್ಮ ಹೊಲಿಗೆಯವರ ಹಳೇ ಪಾಠ ಒಂದಿದೆ, ಅವರವರ ರಕ್ತಕ್ಕೆ ಅವರವರ ಎಂಜಲು. ಒಂದು ತುಂಡು ದಾರ ಬಾಯಲ್ಲಿ ಹಾಕಿ ಒದ್ದೆ ಮಾಡಿ ಕಲೆ ಮೇಲೆ ಒತ್ತಿ ತೆಗೆ, ಆಮೇಲೆ ತಣ್ಣೀರು ಅಂದೆ. ಛೀ ಅಂದಳು. ಮಾಡಿದಳು. ಹೋಯಿತು.

ಅವಳ ಜರಿ ಎಲೆ ಇಡೀ ಕ್ಲಾಸಿನಲ್ಲೇ ಚಂದ ಬಂತು. ನಡು ದಂಟಿನ ಎರಡೂ ಕಡೆ ಇಂಗ್ಲಿಷಿನ V ಹಾಗೆ ಕಾಣುವ ಫ್ಲೈ ಸ್ಟಿಚ್, ಬುಡದಲ್ಲಿ ಅಗಲ, ತುದಿಗೆ ಹೋದ ಹಾಗೆ ಸಣ್ಣ. ಎಲ್ಲರೂ ಎಲೆಯ ಮುಂಬದಿ ಹೊಲಿದರೆ ಅವಳು ಹಿಂಬದಿ ಹೊಲಿದಳು. ಯಾಕಮ್ಮ ಅಂದರೆ, "ಚುಕ್ಕೆ ಇರೋದು ಅಲ್ಲೇ ಅಲ್ವಾ ಆಂಟಿ" ಅಂತ. ಜರಿ ಗಿಡಕ್ಕೆ ಹೂ ಇಲ್ಲ, ಬೀಜ ಇಲ್ಲ, ಎಲೆ ಹಿಂದಿನ ಆ ಕಂದು ಚುಕ್ಕೆಯಿಂದಲೇ ಅದರ ವಂಶ ಬೆಳೆಯುವುದು. ಸಾಲಾಗಿ ಕಂದು ಫ್ರೆಂಚ್ ನಾಟ್ ಹಾಕಿದಳು. ಪಕ್ಕದಲ್ಲಿ ಸುರುಳಿ ಸುತ್ತಿದ ಎಳೇ ಕುಡಿ ಒಂದು, ಚೈನ್ ಸ್ಟಿಚ್‌ನಲ್ಲಿ. ಮಳೆಗಾಲ ಶುರುವಾದಾಗ ಇಂಥ ಜರಿಯ ಕುಡಿಯನ್ನೇ ಕೊಡವರ ಮನೆಗಳಲ್ಲಿ ತೆರ್ಮೆ ತೊಪ್ಪು ಅಂತ ಪಲ್ಯ ಮಾಡುತ್ತಾರೆ. ಸುಬೇದಾರ್ ಅಂಕಲ್ ಬಂದು ನೋಡಿ, "ನೀನು ನಮ್ಮ ಊಟಾನೇ ಹೊಲಿದುಬಿಟ್ಟೆಯಲ್ಲ" ಅಂದರು.

ಆ ದಿನ ಮಳೆ ನಿಲ್ಲಲೇ ಇಲ್ಲ. ನಮ್ಮನ್ನೆಲ್ಲ ಒಣ ಗಿಡಗಳ ರೂಮಿಗೆ ಕಳಿಸಿದರು, ಹರ್ಬೇರಿಯಂ ಅನ್ನುತ್ತಾರೆ. ಒಳಗೆ ಹೋದರೆ ಒಬ್ಬ ಹುಡುಗ ಟೇಬಲ್ ಮುಂದೆ ಕೂತು ಸೂಜಿ ದಾರ ಹಿಡಿದು ಹೊಲಿಯುತ್ತಿದ್ದಾನೆ! ಬಟ್ಟೆ ಅಲ್ಲ, ದಪ್ಪ ಹಾಳೆ. 42 ಸೆಂ.ಮೀ. ಉದ್ದ, 28 ಅಗಲ. ಪೇಪರಿನ ನಡುವೆ ಒತ್ತಿ ಒಣಗಿಸಿದ ಗಿಡವನ್ನು ಹಾಳೆ ಮೇಲಿಟ್ಟು, ದಂಟಿನ ಮೇಲೆ ದಾರ ಹಾಯಿಸಿ ಹಿಂದೆ ಗಂಟು ಹಾಕಿ ಕತ್ತರಿಸುತ್ತಾನೆ. ಎರಡು ಇಂಚು ಬಿಟ್ಟು ಇನ್ನೊಂದು ಹೊಲಿಗೆ, ಮತ್ತೆ ಗಂಟು. ಒಂದೇ ದಾರದಲ್ಲಿ ಓಡಿಸಬಹುದಲ್ಲ ಅಂದೆ. "ಒಂದು ಕಡೆ ಕಿತ್ತರೆ ಪೂರ್ತಿ ಬಿಚ್ಚಿಕೊಳ್ಳುತ್ತೆ ಅಕ್ಕ. ಬೇರೆ ಬೇರೆ ಇದ್ದರೆ ಒಂದು ಹೋದರೂ ಉಳಿದವು ಹಿಡಿದುಕೊಂಡಿರ್ತವೆ" ಅಂದ. ಹಾಳೆ ತಿರುಗಿಸಿ ನೋಡಿದೆ, ಹಿಂದೆ ಗಂಟೋ ಗಂಟು. ನಾನು ಹೊಲಿಗೆ ಕಲಿತ ಕಡೆ ಹೀಗೆ ಗಂಟು ಹಾಕಿದ್ದರೆ ಸ್ಕೇಲಿನಿಂದ ಬೀಳುತ್ತಿತ್ತು.

ಗಂಟಿನ ಮಾತಿಗೆ ಟೀಚರ್ ಕೇಳಿದರು, "ನಾವು ಮಾಡ್ತಿರೋದು ಕಸೂತಿ ಅಂತ ಹೇಳಬಹುದಾ?" ಒಳ್ಳೇ ಪ್ರಶ್ನೆ. ನಮ್ಮ ಕಡೆ ಸೂಜಿ ದಾರದಲ್ಲಿ ಹೂ ಮಾಡಿದರೆ ಎಲ್ಲವೂ ಕಸೂತಿಯೇ. ಆದರೆ ಧಾರವಾಡದ ಕಡೆ ಕಸೂತಿ ಅಂದರೆ ಬೇರೆ. ಅಲ್ಲಿ ಬಟ್ಟೆ ಮೇಲೆ ಏನೂ ಬರೆದುಕೊಳ್ಳುವುದಿಲ್ಲ, ಬಟ್ಟೆಯ ಎಳೆ ಎಣಿಸಿ ಹೊಲಿಯುತ್ತಾರೆ. ಗಂಟು ಹಾಕುವ ಹಾಗೇ ಇಲ್ಲ. ಗವಂತಿ, ಮುರಗಿ, ನೇಗಿ, ಮೆಂತ್ಯ ಅಂತ ನಾಲ್ಕು ಹೊಲಿಗೆ. ಗವಂತಿ ಹೊಲಿದರೆ ಮುಂದೂ ಹಿಂದೂ ಒಂದೇ ಥರ ಕಾಣುತ್ತದೆ. ಮೆಂತ್ಯ ಅಂದರೆ ನಮ್ಮ ಕ್ರಾಸ್ ಸ್ಟಿಚ್, ಮೆಂತ್ಯ ಕಾಳು ಚೆಲ್ಲಿದ ಹಾಗೆ ಕಾಣುತ್ತದೆ ಅಂತ ಆ ಹೆಸರು. ಇಳಕಲ್ ಸೀರೆ ಮೇಲೆ ತುಳಸಿ ಕಟ್ಟೆ, ಗೋಪುರ, ತೇರು. ಅಲ್ಲಿ ಗಿಡವೂ ಲೆಕ್ಕಕ್ಕೆ ಸಿಗಬೇಕು, ಚೌಕ ಚೌಕವಾಗಿ. ನಮ್ಮದು ಗಿಡದ ಹಿಂದೆ ನಾವು ಓಡುವ ಕೆಲಸ. ಹೆಸರು ಏನಾದರೂ ಇಟ್ಟುಕೊಳ್ಳಿ ಅಂದೆ.

ಆ ಹುಡುಗನಿಂದ ಒಂದು ಉಪಾಯ ಕದ್ದೆ. ಹಾಳೆಗೆ ಗಿಡ ಹೊಲಿಯುವಾಗ ಒಂದಾದರೂ ಎಲೆಯನ್ನು ಬೋರಲು ಹಾಕುತ್ತಾರೆ, ಹಿಂಬದಿಯೂ ಕಾಣಲಿ ಅಂತ. ಮುಂದಿನ ವಾರದಿಂದ ನಾನೂ ಅದನ್ನೇ ಮಾಡಿಸಿದೆ. ಕಾಫಿ ಎಲೆ ಮೇಲೆ ಕಡು ಹಸಿರು, ಕೆಳಗೆ ಮಬ್ಬು ಹಸಿರು. ಒಂದು ಎಲೆ ತಿರುಗಿಸಿ, ಮಬ್ಬು ಹಸಿರಲ್ಲಿ ಸ್ಯಾಟಿನ್ ತುಂಬಿ, ಅದರ ಮೇಲೆ ನರಕ್ಕೆ ಒಂದೆಳೆ ಸ್ಟೆಮ್ ಸ್ಟಿಚ್. ನರ ಉಬ್ಬಿ ನಿಲ್ಲುತ್ತದೆ, ಬೆರಳಿಗೆ ಸಿಗುತ್ತದೆ.

ಔಷಧಿ ಪಾತಿಯಲ್ಲಿ ಮದ್ದು ಸೊಪ್ಪು ಇತ್ತು. ಕಕ್ಕಡ ತಿಂಗಳ ಹದಿನೆಂಟಕ್ಕೆ, ಅಂದರೆ ಆಗಸ್ಟ್ 3ರ ಸುಮಾರಿಗೆ, ಅದನ್ನು ಕುದಿಸಿ ಪಾಯಸ ಮಾಡಿ ತಿನ್ನುತ್ತಾರೆ, ನೀರು ಕಡು ನೇರಳೆ ಆಗುತ್ತದೆ. ಆ ಬಣ್ಣ ದಾರಕ್ಕೆ ಹಿಡಿಯುತ್ತದಾ ಅಂತ ತೋಟದ ಅಕ್ಕನಿಗೆ ಕುತೂಹಲ, ಮನೆ ಹಿತ್ತಲಿಂದ ಸೊಪ್ಪು ತಂದು ಕುದಿಸಿ ಒಂದು ಬಿಳಿ ಲಡಿ ಅದ್ದಿದರು. ಅದ್ದಿದಾಗ ಅದ್ಭುತ. ಎರಡನೇ ಸಲ ತೊಳೆಯುವ ಹೊತ್ತಿಗೆ ಬೂದಿ ಬಣ್ಣ. ಪಟಿಕದ ನೀರಲ್ಲಿ ಮೊದಲು ನೆನೆಸಬೇಕಿತ್ತು ಅನ್ನಿಸುತ್ತದೆ, ಮುಂದಿನ ವರ್ಷ ನೋಡೋಣ. ಆ ಬೂದಿ ದಾರವೂ ವ್ಯರ್ಥ ಆಗಲಿಲ್ಲ, ಸಿಲ್ವರ್ ಓಕ್ ಎಲೆಯ ಹಿಂಬದಿಗೆ ಸರಿಯಾಗಿ ಹೊಂದಿತು.

ಮೂರನೇ ಶನಿವಾರ ಬೇಲಿ ಹತ್ತಿರ ಗೌರಿ ಹೂ ಬಿಟ್ಟಿತ್ತು. ಕೊಡವರು ತೋಕ್ ಪೂ ಅನ್ನುತ್ತಾರೆ, ಕೋವಿ ಹೂ. ಸೆಪ್ಟೆಂಬರ್ 3ರ ಕೈಲ್ ಮುಹೂರ್ತಕ್ಕೆ ಕೋವಿಗೆ ಇದನ್ನೇ ಸಿಕ್ಕಿಸಿ ಪೂಜೆ ಮಾಡುವುದು. ಸುಬೇದಾರ್ ಅಂಕಲ್ ಸೀದಾ ಅದರ ಮುಂದೆ ಸ್ಟೂಲ್ ಹಾಕಿದರು. ಎಲ್ಲಕ್ಕಿಂತ ಕಷ್ಟದ ಹೂ ಅದು, ಬೇಡ ಅಂಕಲ್ ಅಂದೆ, ಕೇಳಲಿಲ್ಲ. ಆರು ಎಸಳು, ಎಲ್ಲವೂ ಹಿಂದಕ್ಕೆ ಮಡಚಿ ಮೇಲೆ ನಿಂತಿರುತ್ತವೆ, ಅಂಚು ಸುಕ್ಕು ಸುಕ್ಕು. ಅರಳಿದಾಗ ಹಸಿರು ಹಳದಿ, ದಿನ ಕಳೆದ ಹಾಗೆ ಕೆಂಪು ಕೆಳಗಿಳಿಯುತ್ತಾ ಬಂದು ಕೊನೆಗೆ ಪೂರ್ತಿ ಕೆಂಪು. ಒಂದೇ ಬಳ್ಳಿಯಲ್ಲಿ ಮೂರು ಹೂ, ಮೂರು ಬಣ್ಣ. ಯಾವುದು ಸರಿ ಅಂತ ಗಂಡ ಹೆಂಡತಿಗೆ ಜಗಳ. ಹಳದಿ, ಕಿತ್ತಳೆ, ಕೆಂಪು ಮೂರನ್ನೂ ಲಾಂಗ್ ಅಂಡ್ ಶಾರ್ಟ್‌ನಲ್ಲಿ ಒಂದರೊಳಗೆ ಒಂದು ಸೇರಿಸುವುದು ಹೇಳಿಕೊಟ್ಟೆ. ಎಲೆಯಲ್ಲಿ ನರ ಉದ್ದಕ್ಕೆ ಓಡುತ್ತದೆ, ಹುಲ್ಲಿನ ಹಾಗೆ, ಅದಕ್ಕೆ ಹೊಲಿಗೆಯೂ ಉದ್ದಕ್ಕೆ. ಎಲೆಯ ತುದಿಯೇ ಬಳ್ಳಿಯ ಕೈ ಆಗಿ ಬೇಲಿಗೆ ಸುತ್ತಿಕೊಂಡಿರುತ್ತದೆ, ಅದಕ್ಕೆ ಒಂದೇ ಎಳೆ. ಗಿಡ ಪೂರ್ತಿ ವಿಷ, ಗೆಡ್ಡೆ ಇನ್ನೂ ಜಾಸ್ತಿ, ಆದ್ದರಿಂದ ಬಿದ್ದ ಎಸಳನ್ನು ಮುಟ್ಟಿದವರೆಲ್ಲ ಕೈ ತೊಳೆದುಕೊಂಡೇ ಊಟಕ್ಕೆ ಬಂದರು.

ಅಂಕಲ್ ಎರಡು ಗಂಟೆ ತಲೆ ಎತ್ತಲಿಲ್ಲ. ಕೊನೆಗೆ ನನ್ನನ್ನು ಕರೆದು ಹೂವಿನ ನಡುವೆ ತೋರಿಸಿದರು. ಕೇಸರಗಳೆಲ್ಲ ಸುತ್ತ ಚಾಚಿವೆ, ನಡುವಿನ ಇನ್ನೊಂದು ಕಡ್ಡಿ ಮಾತ್ರ ಬುಡದಲ್ಲೇ ಮುರಿದ ಹಾಗೆ ಅಡ್ಡಕ್ಕೆ ತಿರುಗಿದೆ. "ಇದು ಮುರಿದದ್ದಾ, ಇರೋದೇ ಹೀಗಾ?" ಬೇರೆ ಎರಡು ಹೂ ನೋಡಿದೆವು. ಎಲ್ಲದರಲ್ಲೂ ಹಾಗೇ. ಅರವತ್ತು ವರ್ಷದಿಂದ ಕೋವಿಗೆ ಸಿಕ್ಕಿಸುತ್ತಿದ್ದೇನೆ, ಇದನ್ನು ನೋಡಿರಲಿಲ್ಲ ಅಂದರು. ನಾನು ಕುಶನ್ ಕವರ್ ನೆನೆದು ಸುಮ್ಮನಿದ್ದೆ.

ಕೊನೆಯ ಶನಿವಾರ ತೊಳೆಯುವುದು, ಇಸ್ತ್ರಿ. ಒಬ್ಬರು ಪೇಟೆಯಲ್ಲಿ ಅಗ್ಗಕ್ಕೆ ಸಿಕ್ಕಿದ ಕೆಂಪು ದಾರ ಬಳಸಿದ್ದರು, ನೀರಿಗೆ ಹಾಕಿದ ಕೂಡಲೇ ಬಣ್ಣ ಬಿಟ್ಟಿತು. ಒಣಗಲು ಬಿಡದೆ ತಣ್ಣೀರನ್ನು ಬದಲಾಯಿಸುತ್ತಾ ಒಂದು ಗಂಟೆ ಜಾಲಿಸಿದೆವು, ಮುಕ್ಕಾಲು ಭಾಗ ಹೋಯಿತು. ಕೆಂಪು ದಾರವನ್ನು ಮೊದಲೇ ಒದ್ದೆ ಬಿಳಿ ಬಟ್ಟೆ ಮೇಲೆ ಉಜ್ಜಿ ನೋಡಿಕೊಳ್ಳಿ ಅಂತ ನಾನು ಮೊದಲ ದಿನವೇ ಹೇಳಬೇಕಿತ್ತು, ಮರೆತಿದ್ದೆ. ಇಸ್ತ್ರಿಗೆ ದಪ್ಪ ಟವೆಲ್ ಹಾಸಿ ಕಸೂತಿ ಬೋರಲು ಹಾಕಬೇಕು, ಇಲ್ಲದಿದ್ದರೆ ಅಷ್ಟು ಕಷ್ಟಪಟ್ಟು ಉಬ್ಬಿಸಿದ ಕಾಫಿ ಕಾಯಿ ಚಪ್ಪಟೆ. ಹನ್ನೊಂದು ಫ್ರೇಮನ್ನೂ ಹರ್ಬೇರಿಯಂ ಬಾಗಿಲ ಪಕ್ಕ ನೇತು ಹಾಕಿದೆವು. ಮೇಡಂ ಹಾಳೆಗಳಿಗೆ ಹಾಕುವ ಚೀಟಿಯನ್ನೇ ಒಂದೊಂದಕ್ಕೂ ಬಲಗಡೆ ಕೆಳಗೆ ಅಂಟಿಸಿದರು. ಗಿಡದ ಹೆಸರು, ಸಿಕ್ಕಿದ ಜಾಗ, ತಾರೀಕು, ಹೊಲಿದವರ ಹೆಸರು. ನೀವು ನನ್ನ ಕುಶನ್ ನೋಡಿದ್ದೀರಲ್ಲ, ಎಲೆ ತಪ್ಪು ಅಂತ ಆಗಲೇ ಗೊತ್ತಾಗಿತ್ತಾ ಅಂತ ಕೇಳಿದೆ. ನಕ್ಕರು. "ಅದಕ್ಕೇ ಕರೆದಿದ್ದು" ಅಂದರು.

ಎಲ್ಲ ಮುಗಿದು ಹೊರಡುವಾಗ ಹೋಂಸ್ಟೇ ಅಕ್ಕ ಕಾರಿನಿಂದ ಒಂದು ಚೀಲ ತಂದು ಕೊಟ್ಟರು. ಒಳಗೆ ಆರು ಕುಶನ್ ಕವರ್, ನಾನೇ ಹತ್ತು ವರ್ಷದ ಹಿಂದೆ ಹೊಲಿದದ್ದು. "ಈಗ ಗೊತ್ತಾದ ಮೇಲೆ ನೋಡೋಕೆ ಆಗ್ತಿಲ್ಲ ಮಾರಾಯ್ತಿ" ಅಂದರು. ಹೊಸದು ಹೊಲಿದು ಕೊಡುತ್ತೇನೆ, ದುಡ್ಡು ಬೇಡ ಅಂದೆ. ಬೇಡ, ಇದನ್ನೇ ಸರಿ ಮಾಡು ಅಂತ ಹಟ. ಬಿಚ್ಚಿದರೆ ಬಟ್ಟೆಯಲ್ಲಿ ತೂತು ಉಳಿಯುತ್ತದೆ. ಒಂದು ರಾತ್ರಿ ಮೇಜಿನ ಮೇಲೆ ಹರಡಿಕೊಂಡು ನೋಡುತ್ತಾ ಕೂತೆ. ಎಡಕ್ಕೊಂದು ಎಲೆ, ಬಲಕ್ಕೊಂದು ಎಲೆ. ಬಿಚ್ಚುವುದು ಯಾಕೆ? ಪ್ರತಿ ಎಲೆಯ ಎದುರಿಗೆ ಇನ್ನೊಂದು ಹೊಲಿದರೆ ಜೋಡಿ ಆಯಿತಲ್ಲ. ತೂಗುವ ಹಣ್ಣಿನ ತೊಟ್ಟನ್ನೂ ಹೊಸ ಎಲೆ ಮುಚ್ಚುತ್ತದೆ. ಕೊಂಬೆ ಸ್ವಲ್ಪ ದಟ್ಟ ಆಗುತ್ತದೆ, ಆಗಲಿ, ಗೊಬ್ಬರ ಚೆನ್ನಾಗಿ ಬಿದ್ದ ಗಿಡ ಅಂದುಕೊಳ್ಳಲಿ.

ಎರಡು ಕವರ್ ಮುಗಿದಿವೆ. ಹತ್ತು ವರ್ಷ ಬಿಸಿಲಿಗೆ ಮಾಸಿದ ಹಳೇ ಎಲೆ ಒಂದು ಕಡೆ, ಎದುರಿಗೆ ಅಂಗಡಿಯಿಂದ ಈಗ ತಂದ ಲಡಿಯ ಹೊಸ ಹಸಿರು. ಬಣ್ಣ ಹೊಂದುತ್ತಿಲ್ಲ, ಯಾರು ನೋಡಿದರೂ ಯಾವ ಎಲೆ ಆಮೇಲೆ ಸೇರಿಸಿದ್ದು ಅಂತ ಹೇಳಬಹುದು. ಅಕ್ಕನಿಗೆ ಫೋಟೋ ಕಳಿಸಿದೆ. ಹಾಗೇ ಇರಲಿ, ಉಳಿದ ನಾಲ್ಕನ್ನೂ ಹುತ್ತರಿ ಹಬ್ಬದೊಳಗೆ ಕೊಡು ಅಂತ ಹೇಳಿದ್ದಾರೆ.